ಹಗಲು ಹೊತ್ತಿನಲ್ಲಿ ಬೀದಿದೀಪ ಪರೀಕ್ಷೆ: ಮೊಬೈಲ್ ಆ್ಯಪ್ ಬಳಸುವ ಬಗೆ

ಬೀದಿದೀಪ ಉರಿಯುತ್ತಿಲ್ಲವೆಂಬುದು ಗೊತ್ತಾಗುವುದು ರಾತ್ರಿ. ಅದನ್ನು ಸರಿಪಡಿಸಲು ಕಂಬ ಹತ್ತುವುದು ಹಗಲು. ನಿರ್ವಹಣೆಯ ಬಹುಪಾಲು ತೊಡಕುಗಳು ಹುಟ್ಟಿಕೊಳ್ಳುವುದು ಈ ಎರಡು ಹೊತ್ತುಗಳ ನಡುವೆಯೇ. ಹಿಂದೆಲ್ಲ ಒಬ್ಬರು ಸ್ವಿಚ್ ಪೆಟ್ಟಿಗೆಯ ಬಳಿ, ಇನ್ನೊಬ್ಬರು ಕಂಬದ ಬುಡದಲ್ಲಿ ನಿಂತು, ‘ಹಾಕು’, ‘ತೆಗಿ’ ಎಂದು ಫೋನಿನಲ್ಲಿ ಹೇಳಿಕೊಳ್ಳುತ್ತ ಒಂದೊಂದೇ ಬೀದಿಯನ್ನು ಮುಗಿಸುತ್ತಿದ್ದರು. ಎಷ್ಟೋ ಗ್ರಾಮ ಪಂಚಾಯಿತಿಗಳಲ್ಲಿ ಸಂಜೆ ದೀಪ ಹಾಕುವ, ಬೆಳಿಗ್ಗೆ ಆರಿಸುವ ಕೆಲಸ ಇಂದಿಗೂ ನೀರು ಬಿಡುವ ವಾಟರ್‌ಮ್ಯಾನ್‌ನದೇ. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಬೀದಿದೀಪ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಗಿ, ಸೋಡಿಯಂ ದೀಪಗಳ ಜಾಗಕ್ಕೆ ಎಲ್‌ಇಡಿ ಬರತೊಡಗಿದ ಮೇಲೆ, ಅನೇಕ ಊರುಗಳಲ್ಲಿ ಹಳೆಯ ಸ್ವಿಚ್ ಪೆಟ್ಟಿಗೆಯನ್ನು ತೆಗೆದು ಸಿಸಿಎಂಎಸ್ (ಕೇಂದ್ರೀಕೃತ ನಿಯಂತ್ರಣ ಮತ್ತು ನಿಗಾ ವ್ಯವಸ್ಥೆ) ಎಂದು ಕರೆಯುವ ನಿಯಂತ್ರಣ ಪ್ಯಾನೆಲ್‌ಗಳನ್ನು ಕೂರಿಸಲಾಯಿತು. ಪ್ಯಾನೆಲ್‌ನೊಳಗೆ ಒಂದು ಮೀಟರು, ಫೇಸಿಗೊಂದರಂತೆ ಎಂಸಿಬಿ (ಕರೆಂಟು ಮಿತಿ ಮೀರಿದಾಗ ತಾನೇ ಬೀಳುವ ಸ್ವಿಚ್), ಒಂದು ಕಾಂಟ್ಯಾಕ್ಟರ್ (ಆದೇಶ ಬಂದಾಗ ಸಾಲಿನ ದೀಪಗಳನ್ನು ಹಾಕುವ, ಆರಿಸುವ ವಿದ್ಯುತ್ ಸ್ವಿಚ್), ಸೂರ್ಯೋದಯ ಸೂರ್ಯಾಸ್ತಗಳ ಲೆಕ್ಕ ಇಟ್ಟುಕೊಳ್ಳುವ ಟೈಮರ್ ಮತ್ತು ಸಿಮ್ ಹಾಕಿದ ಮೋಡೆಮ್ ಇರುತ್ತವೆ. ಈ ಮೋಡೆಮ್ ಮೂಲಕವೇ ನಮ್ಮ ಕೈಯಲ್ಲಿನ ಆ್ಯಪ್ ಪ್ಯಾನೆಲ್ಲಿಗೆ ಆದೇಶ ಕಳುಹಿಸುತ್ತದೆ, ಅಲ್ಲಿನ ವೋಲ್ಟೇಜು, ಕರೆಂಟು, ಕಿಲೊವ್ಯಾಟ್‌ಗಳನ್ನು ತಂದು ತೋರಿಸುತ್ತದೆ.

ಕಂಪನಿಯಿಂದ ಕಂಪನಿಗೆ ಆ್ಯಪ್‌ನ ಗುಂಡಿಗಳ ಹೆಸರು, ಬಣ್ಣ, ಜಾಗ ಬೇರೆಯಾದರೂ ಪರೀಕ್ಷೆಯ ಕ್ರಮ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ, ಇಲ್ಲಿ ಯಾವುದೋ ಒಂದು ಆ್ಯಪ್‌ನ ಪರದೆಯನ್ನು ವಿವರಿಸುವ ಬದಲು ಕ್ರಮವನ್ನೇ ವಿವರಿಸುತ್ತೇನೆ. ಆರಂಭದಲ್ಲಿಯೇ ಒಂದು ವಿಷಯವನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಪರದೆಯ ಮೇಲೆ ‘ಆನ್’ ಎಂದು ಹಸಿರು ಅಕ್ಷರದಲ್ಲಿ ಕಂಡಾಗ ಅದು ಆದೇಶ ಹೊರಟಿತು ಎಂದು ಹೇಳುತ್ತಿರಬಹುದು, ಕಾಂಟ್ಯಾಕ್ಟರ್ ಎಳೆದುಕೊಂಡಿತು ಎಂದು ಹೇಳುತ್ತಿರಬಹುದು, ತಂತಿಯಲ್ಲಿ ಕರೆಂಟು ಹರಿಯುತ್ತಿದೆ ಎಂದೂ ಹೇಳುತ್ತಿರಬಹುದು. ಆದರೆ ರಸ್ತೆಯ ಮೇಲೆ ಬೆಳಕು ಬಿದ್ದಿದೆ ಎಂದು ಮಾತ್ರ ಅದು ಎಂದಿಗೂ ಹೇಳಲಾರದು. ಆ್ಯಪ್ ಬಲ್ಲದ್ದು ಪ್ಯಾನೆಲ್ಲನ್ನೇ ಹೊರತು ಕಂಬವನ್ನಲ್ಲ. ಹಾಗೆಯೇ ‘ಆಫ್’ ಎಂಬ ಕೆಂಪು ಅಕ್ಷರ ಕಂಡ ಮಾತ್ರಕ್ಕೆ ತಂತಿ ಮುಟ್ಟಲು ಯೋಗ್ಯವಾಯಿತು ಎಂದೂ ಅಲ್ಲ. ನಿಮ್ಮ ಆ್ಯಪ್‌ನಲ್ಲಿ ಆ ಅಕ್ಷರಗಳ ನಿಜವಾದ ಅರ್ಥ ಏನೆಂಬುದನ್ನು ಪ್ಯಾನೆಲ್ ಕೂರಿಸಿದವರಿಂದ ಮೊದಲೇ ಕೇಳಿ ತಿಳಿದುಕೊಳ್ಳಿ.

ಹೊರಡುವ ಮುನ್ನ

ಪ್ರತಿ ಪ್ಯಾನೆಲ್ಲಿಗೂ ವಿದ್ಯುತ್ ಸರಬರಾಜು ಕಂಪನಿಯಾದ ಎಸ್ಕಾಂ ಕೊಟ್ಟ ಆರ್‌.ಆರ್. ಸಂಖ್ಯೆ (ವಿದ್ಯುತ್ ಸಂಪರ್ಕದ ಸಂಖ್ಯೆ) ಒಂದಿರುತ್ತದೆ, ಆ್ಯಪ್‌ನಲ್ಲಿ ಇನ್ನೊಂದು ಗುರುತಿನ ಸಂಖ್ಯೆ ಇರುತ್ತದೆ, ಜನರ ಬಾಯಲ್ಲಿ ಮೂರನೆಯ ಹೆಸರೊಂದು ಇರುತ್ತದೆ. ಈ ಮೂರನ್ನೂ ಒಂದೇ ಸಾಲಿನಲ್ಲಿ ಬರೆದ ಪಟ್ಟಿ ಕೈಯಲ್ಲಿಲ್ಲದೆ ಪರೀಕ್ಷೆಗೆ ಹೊರಡಬಾರದು. ಇಲ್ಲವಾದರೆ ನೀವು ದೇವಸ್ಥಾನದ ಬೀದಿಯಲ್ಲಿ ತಲೆಯೆತ್ತಿ ನೋಡುತ್ತಿರುವಾಗ ಬಸ್ ನಿಲ್ದಾಣದ ದೀಪಗಳು ಹತ್ತಿಕೊಂಡಿರುತ್ತವೆ. ಪಟ್ಟಿಯಲ್ಲಿ ಪ್ರತಿ ಪ್ಯಾನೆಲ್ಲಿನ ಎದುರಿಗೆ, ಯಾವ ಫೇಸಿನಲ್ಲಿ ಎಷ್ಟು ದೀಪಗಳಿವೆ, ಒಂದೊಂದೂ ಎಷ್ಟು ವ್ಯಾಟಿನದು ಎಂಬ ವಿವರವೂ ಇರಲಿ. ಗುತ್ತಿಗೆಯ ಕಡತದಲ್ಲಿರುವ ಸಂಖ್ಯೆಗೂ ಬೀದಿಯಲ್ಲಿ ನಿಜವಾಗಿ ಇರುವ ದೀಪಗಳಿಗೂ ಹೊಂದಾಣಿಕೆಯಾಗದಿರುವುದು ಅಪರೂಪವೇನಲ್ಲ. ಯಾರೋ ಸದಸ್ಯರ ಒತ್ತಾಯಕ್ಕೆ ಎರಡು ಕಂಬ ಹೆಚ್ಚಿಗೆ ಸೇರಿರುತ್ತವೆ, ರಸ್ತೆ ಅಗಲವಾದಾಗ ನಾಲ್ಕು ಹೋಗಿರುತ್ತವೆ. ಆದ್ದರಿಂದ ಮೊದಲ ಸಲ ಕಾಲ್ನಡಿಗೆಯಲ್ಲಿ ಎಣಿಸಿ ಪಟ್ಟಿಯನ್ನು ತಿದ್ದಿಕೊಳ್ಳುವುದೇ ಸರಿ.

ಆ್ಯಪ್‌ಗೆ ಪ್ರತಿಯೊಬ್ಬರೂ ತಮ್ಮದೇ ಹೆಸರಿನಲ್ಲಿ ಲಾಗಿನ್ ಆಗಬೇಕು. ಕಚೇರಿಗೆಲ್ಲ ಒಂದೇ ಪಾಸ್‌ವರ್ಡ್ ಇಟ್ಟುಕೊಂಡರೆ, ನೀವು ದೀಪ ಆರಿಸಿ ಕೆಲಸ ಮಾಡಿಸುತ್ತಿರುವಾಗ ಕಚೇರಿಯಲ್ಲಿ ಕುಳಿತ ಇನ್ನೊಬ್ಬರು ಅದೇ ಪ್ಯಾನೆಲ್ಲನ್ನು ಆನ್ ಮಾಡಬಹುದು, ಆಮೇಲೆ ಮಾಡಿದವರು ಯಾರೆಂದು ತಿಳಿಯುವುದೂ ಇಲ್ಲ. ಫೋನಿನ ಬ್ಯಾಟರಿ ತುಂಬಿರಲಿ. ಟೆಸ್ಟರ್, ಟೆಸ್ಟ್ ಲ್ಯಾಂಪ್, ಕ್ಲಾಂಪ್ ಮೀಟರ್, ಪ್ಯಾನೆಲ್ಲಿನ ಬೀಗದ ಕೈ ಇವು ಆ್ಯಪ್ ಬಂದ ಮೇಲೂ ಚೀಲದಲ್ಲಿ ಇರಲೇಬೇಕಾದ ವಸ್ತುಗಳು.

ಹೊತ್ತಿನ ಆಯ್ಕೆಯೂ ಮುಖ್ಯ. ನಡುಹಗಲಿನ ಬಿಸಿಲಿನಲ್ಲಿ ಎಲ್‌ಇಡಿ ಉರಿಯುತ್ತಿದೆಯೋ ಇಲ್ಲವೋ ಎಂಬುದು ಕೆಳಗೆ ನಿಂತವರಿಗೆ ಸರಿಯಾಗಿ ಕಾಣುವುದಿಲ್ಲ. ಸಂಜೆ ನಾಲ್ಕೂವರೆಯ ನಂತರ ಅಥವಾ ಮೋಡ ಕವಿದ ದಿನ ಪರೀಕ್ಷೆ ಇಟ್ಟುಕೊಂಡರೆ ಕೆಲಸ ಸುಲಭ. ಬಿಸಿಲಿನಲ್ಲೇ ನೋಡಬೇಕಾಗಿ ಬಂದರೆ ಫೋನಿನ ಕ್ಯಾಮೆರಾವನ್ನು ದೀಪದ ಕಡೆ ಹಿಡಿದು, ಪರದೆಯಲ್ಲಿ ದೀಪದ ಮೇಲೆಯೇ ಬೆರಳಿಟ್ಟು ಪ್ರಕಾಶವನ್ನು ತಗ್ಗಿಸಿ. ಆಕಾಶ ಕಪ್ಪಾಗುತ್ತ ಹೋದಂತೆ ಉರಿಯುವ ದೀಪದ ಚುಕ್ಕಿಗಳು ಒಂದೊಂದಾಗಿ ಎದ್ದು ಕಾಣುತ್ತವೆ, ಅರ್ಧ ಸತ್ತ ದೀಪ ಯಾವುದೆಂಬುದೂ ತಿಳಿಯುತ್ತದೆ. ಬರಿಗಣ್ಣಿನಿಂದ ಎಲ್‌ಇಡಿಯನ್ನು ದಿಟ್ಟಿಸಿ ನೋಡುತ್ತ ನಿಲ್ಲಬೇಡಿ.

ಆದೇಶ ಕೊಡುವುದು ಮತ್ತು ಕಾಯುವುದು

ಮೊದಲ ಆದೇಶವನ್ನು ಪ್ಯಾನೆಲ್ಲಿನ ಎದುರಿಗೆ ನಿಂತೇ ಕೊಡಬೇಕು. ಬಾಗಿಲು ತೆರೆದು ಒಳಗಿನ ಆಯ್ಕೆಯ ಸ್ವಿಚ್ ‘ಆಟೋ’ದಲ್ಲಿದೆಯೇ ಎಂದು ನೋಡಿ; ಹಿಂದೆ ಬಂದವರು ಅದನ್ನು ‘ಮ್ಯಾನ್ಯುಯಲ್’ನಲ್ಲಿ ಬಿಟ್ಟು ಹೋಗಿದ್ದರೆ ಸಾಮಾನ್ಯವಾಗಿ ಆ್ಯಪ್‌ನ ಮಾತು ಅಲ್ಲಿ ನಡೆಯುವುದಿಲ್ಲ. ಆಮೇಲೆ ಆ್ಯಪ್‌ನಲ್ಲಿ ಆ ಪ್ಯಾನೆಲ್ಲನ್ನು ಆರಿಸಿ, ಕೊನೆಯ ಮಾಹಿತಿ ಯಾವ ಸಮಯದ್ದೆಂದು ಓದಿ. ಪರದೆಯಲ್ಲಿರುವ ಅಂಕಿಗಳು ನಿನ್ನೆ ರಾತ್ರಿಯವಾಗಿದ್ದರೆ ಮೋಡೆಮ್ ಮಾತನಾಡುತ್ತಿಲ್ಲವೆಂದೇ ಅರ್ಥ. ಸಿಮ್‌ನ ರೀಚಾರ್ಜ್ ಮುಗಿದಿರುವುದು ಇದಕ್ಕೆ ಸಿಗುವ ಅತಿ ಸಾಮಾನ್ಯ ಕಾರಣ. ಸಮಯ ಸರಿಯಿದ್ದರೆ, ದೀಪ ಹಾಕುವ ಮುನ್ನವೇ ಮೂರೂ ಫೇಸಿನ ಕರೆಂಟನ್ನು ಒಮ್ಮೆ ನೋಡಿ. ಎಲ್ಲವೂ ಆಫ್ ಇರುವಾಗ ಅಲ್ಲಿ ಸೊನ್ನೆ ಇರಬೇಕು. ಒಂದು ಫೇಸಿನಲ್ಲಿ ಕರೆಂಟು ಹರಿಯುತ್ತಿದ್ದರೆ ಕಾಂಟ್ಯಾಕ್ಟರ್‌ನ ತುದಿ ಬೆಸೆದುಕೊಂಡು ಅಂಟಿಕೊಂಡಿರಬಹುದು. ಹಗಲೆಲ್ಲ ಉರಿಯುವ ಬೀದಿದೀಪದ ಬಗ್ಗೆ ಜನ ದೂರು ಹೇಳುವುದು ಹೆಚ್ಚಾಗಿ ಇಂಥ ಪ್ಯಾನೆಲ್ಲುಗಳಿಂದಲೇ.

ಈಗ ‘ಆನ್’ ಒತ್ತಿ. ‘ಟಕ್’ ಎಂದು ಕಾಂಟ್ಯಾಕ್ಟರ್ ಎಳೆದುಕೊಂಡ ಸದ್ದು ಕೇಳಿಸಬೇಕು. ಆ ಸದ್ದೇ ನೀವು ಸರಿಯಾದ ಪ್ಯಾನೆಲ್ಲನ್ನು ಆರಿಸಿದ್ದೀರಿ ಎಂಬುದಕ್ಕೆ ಸಾಕ್ಷಿ. ನೆಟ್‌ವರ್ಕ್ ಚೆನ್ನಾಗಿರುವ ಕಡೆ ಕೆಲವು ಸೆಕೆಂಡುಗಳಲ್ಲಿ, ದುರ್ಬಲವಾಗಿರುವ ಕಡೆ ಒಂದೆರಡು ನಿಮಿಷಗಳಲ್ಲಿ ಸದ್ದು ಕೇಳಿಸುತ್ತದೆ. ಈ ಒಂದೆರಡು ನಿಮಿಷ ಸುಮ್ಮನೆ ನಿಲ್ಲುವುದು ಆ್ಯಪ್ ಬಳಕೆಯಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಎಂದು ನನಗೆ ಅನುಭವದಿಂದ ತಿಳಿದಿದೆ. ಈ ಕೆಲಸಕ್ಕೆ ಹೊಸಬನಾಗಿದ್ದಾಗ ಊರಾಚೆಯ ಬಡಾವಣೆಯೊಂದರಲ್ಲಿ ‘ಆನ್’ ಒತ್ತಿ, ಏನೂ ಆಗಲಿಲ್ಲವೆಂದು ಮತ್ತೆ ಒತ್ತಿ, ‘ಆಫ್’ ಒತ್ತಿ, ಪುನಃ ‘ಆನ್’ ಒತ್ತಿ, ಕೊನೆಗೆ ಬೇಸತ್ತು ‘ಆಫ್’ ಮಾಡಿ, ಪರದೆಯಲ್ಲಿ ಕೆಂಪು ಅಕ್ಷರ ಕಂಡೊಡನೆ ಜೊತೆಗಾರನಿಗೆ ಏಣಿ ಹಾಕಲು ಹೇಳಿದೆ. ಆತ ಫಿಟ್ಟಿಂಗಿನ ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ, ದಾರಿಯಲ್ಲಿ ಸಾಲುಗಟ್ಟಿ ನಿಂತಿದ್ದ ನನ್ನ ಹಳೆಯ ಆದೇಶಗಳಲ್ಲಿ ಒಂದು ಪ್ಯಾನೆಲ್ಲನ್ನು ತಲುಪಿ ದೀಪ ಹತ್ತಿಕೊಂಡಿತು. ಆತ ಇನ್ನೂ ತಂತಿಯನ್ನು ಮುಟ್ಟಿರಲಿಲ್ಲ. ತಪ್ಪು ಆ್ಯಪ್‌ನದಲ್ಲ, ಕಾಯದೆ ಒತ್ತಿದವನದು, ಅದಕ್ಕಿಂತ ಹೆಚ್ಚಾಗಿ ಎಂಸಿಬಿ ಇಳಿಸದೆ ಕಂಬ ಹತ್ತಿಸಿದವನದು. ಒಂದು ಆದೇಶ ಕೊಟ್ಟ ಮೇಲೆ ಅದರ ಉತ್ತರ ಬರುವ ತನಕ, ಅಥವಾ ಆ್ಯಪ್ ತಾನೇ ‘ವಿಫಲ’ ಎಂದು ಹೇಳುವ ತನಕ, ಎರಡನೆಯದನ್ನು ಕೊಡಬಾರದು.

ಕೆಲವು ಫಿಟ್ಟಿಂಗುಗಳ ನೆತ್ತಿಯಲ್ಲಿ ಬೆಳಕು ಗ್ರಹಿಸುವ ಫೋಟೊಸೆಲ್ ಇರುತ್ತದೆ. ಅಂಥವು ಪ್ಯಾನೆಲ್ ಆನ್ ಆದರೂ ಹಗಲಿನಲ್ಲಿ ಉರಿಯುವುದಿಲ್ಲ. ಕಪ್ಪು ಬಟ್ಟೆಯಿಂದ ಮುಚ್ಚಿ ಸ್ವಲ್ಪ ಹೊತ್ತು ಕಾದರೆ ಉರಿಯುತ್ತವೆ, ಏಕೆಂದರೆ ಮಿಂಚಿಗೋ ವಾಹನದ ದೀಪಕ್ಕೋ ಹೆದರಿ ಹತ್ತಿ ಆರಬಾರದೆಂದು ಅವುಗಳಲ್ಲಿ ಬೇಕೆಂದೇ ವಿಳಂಬ ಇಟ್ಟಿರುತ್ತಾರೆ. ಹಳೆಯ ಸೋಡಿಯಂ ದೀಪಗಳು ಉಳಿದಿರುವ ಸಾಲಿನಲ್ಲಿ ಅವು ಪೂರ್ಣ ಬೆಳಕಿಗೆ ಬರಲು ಕೆಲವು ನಿಮಿಷ ಬೇಕು, ಆರಿಸಿದ ಕೂಡಲೇ ಮತ್ತೆ ಹಾಕಿದರೆ ತಣಿಯುವವರೆಗೆ ಹತ್ತುವುದೇ ಇಲ್ಲ. ಹಾಗಾಗಿ ಅಂಥ ಸಾಲಿನ ಅಂಕಿಗಳನ್ನು ಐದಾರು ನಿಮಿಷದ ನಂತರ ಓದಿಕೊಳ್ಳಿ.

ಆಂಪಿಯರ್ ನೋಡಬೇಡಿ, ವ್ಯಾಟ್ ನೋಡಿ

ಆ್ಯಪ್‌ನಿಂದ ಸಿಗುವ ನಿಜವಾದ ಲಾಭ ದೂರದಿಂದ ದೀಪ ಹಾಕುವುದಲ್ಲ, ಕಂಬಗಳ ಕಡೆ ಒಂದು ಹೆಜ್ಜೆ ಇಡುವ ಮೊದಲೇ ಎಷ್ಟು ದೀಪ ಉರಿಯುತ್ತಿಲ್ಲ ಎಂಬ ಲೆಕ್ಕ ಸಿಗುವುದು. ಉದಾಹರಣೆಗೆ, ಒಂದು ಫೇಸಿನಲ್ಲಿ 90 ವ್ಯಾಟಿನ 20 ಎಲ್‌ಇಡಿ ದೀಪಗಳಿವೆ ಎಂದುಕೊಳ್ಳೋಣ. ಎಲ್ಲವೂ ಉರಿದರೆ 1,800 ವ್ಯಾಟ್, ಅಂದರೆ 1.8 ಕಿಲೊವ್ಯಾಟ್ ಕಾಣಬೇಕು. ಪರದೆಯಲ್ಲಿ 1.53 ಎಂದಿದ್ದರೆ 270 ವ್ಯಾಟ್ ಕಡಿಮೆಯಾಯಿತು. ಮೂರು ದೀಪಗಳು ಆರಿವೆ.

ಅನೇಕರು ಇದೇ ಲೆಕ್ಕವನ್ನು ಆಂಪಿಯರ್‌ನಲ್ಲಿ ಮಾಡುತ್ತಾರೆ. ಸೋಡಿಯಂ ದೀಪಗಳ ಕಾಲದ ಆ ಅಭ್ಯಾಸ ಎಲ್‌ಇಡಿಯಲ್ಲಿ ದಾರಿ ತಪ್ಪಿಸುತ್ತದೆ. ಎಲ್‌ಇಡಿಯ ಡ್ರೈವರ್ (ದೀಪಕ್ಕೆ ಬೇಕಾದ ಕರೆಂಟನ್ನು ಒದಗಿಸುವ ಸರ್ಕ್ಯೂಟ್) ವೋಲ್ಟೇಜು ಏರಿದರೂ ಇಳಿದರೂ ಒಂದೇ ಪ್ರಮಾಣದ ವ್ಯಾಟ್ ಎಳೆದುಕೊಳ್ಳುವಂತೆ ರಚಿತವಾಗಿರುವುದರಿಂದ, ವೋಲ್ಟೇಜು ಇಳಿದಾಗ ಅದು ಹೆಚ್ಚು ಕರೆಂಟು ಎಳೆಯುತ್ತದೆ, ಏರಿದಾಗ ಕಡಿಮೆ ಎಳೆಯುತ್ತದೆ. ಮೇಲಿನ 20 ದೀಪಗಳು 230 ವೋಲ್ಟ್, 0.95 ಪವರ್ ಫ್ಯಾಕ್ಟರ್‌ನಲ್ಲಿ (ವೋಲ್ಟ್, ಆಂಪಿಯರ್‌ಗಳ ಗುಣಲಬ್ಧದಲ್ಲಿ ನಿಜವಾದ ವ್ಯಾಟಿನ ಪಾಲು) ಸುಮಾರು 8.2 ಆಂಪಿಯರ್ ಎಳೆಯುತ್ತವೆ. ಸಂಜೆ ಊರಿನ ಹೊರೆ ಏರಿ ವೋಲ್ಟೇಜು 205ಕ್ಕೆ ಇಳಿದಾಗ, ಎರಡು ದೀಪ ಸತ್ತು 18 ಮಾತ್ರ ಉರಿಯುತ್ತಿದ್ದರೂ ಕರೆಂಟು 8.3 ಆಂಪಿಯರ್ ತೋರಿಸುತ್ತದೆ. ಆಂಪಿಯರ್ ನೋಡಿದವರು ‘ಎಲ್ಲ ಸರಿಯಿದೆ’ ಎಂದು ಬರೆದುಕೊಂಡು ಮನೆಗೆ ಹೋಗುತ್ತಾರೆ, ಆ ಎರಡು ಕಂಬಗಳ ಕೆಳಗಿನ ಮನೆಯವರು ಮರುದಿನ ಫೋನ್ ಮಾಡುತ್ತಾರೆ. ಆ್ಯಪ್ ಫೇಸಿಗೊಂದರಂತೆ ಕಿಲೊವ್ಯಾಟ್ ತೋರಿಸದಿದ್ದರೆ, ವೋಲ್ಟ್, ಆಂಪಿಯರ್, ಪವರ್ ಫ್ಯಾಕ್ಟರ್ ಮೂರನ್ನೂ ಫೋನಿನ ಕ್ಯಾಲ್ಕುಲೇಟರಿನಲ್ಲಿ ಗುಣಿಸಿ ವ್ಯಾಟ್ ತಿಳಿದುಕೊಳ್ಳಬಹುದು.

ಫಿಟ್ಟಿಂಗಿನ ಮೇಲೆ ಬರೆದ ವ್ಯಾಟನ್ನೇ ಅಂತಿಮವೆಂದು ನಂಬದಿರುವುದು ಒಳ್ಳೆಯದು. ಡ್ರೈವರ್‌ಗಳಲ್ಲಿ ಅಷ್ಟಿಷ್ಟು ವ್ಯತ್ಯಾಸ ಇರುತ್ತದೆ, ಕೇಬಲ್ಲಿನಲ್ಲಿ ಸ್ವಲ್ಪ ವಿದ್ಯುತ್ತು ನಷ್ಟವಾಗುತ್ತದೆ. ಎಲ್ಲ ದೀಪಗಳೂ ಉರಿಯುತ್ತಿವೆಯೆಂದು ಕಣ್ಣಾರೆ ಎಣಿಸಿ ಖಚಿತಪಡಿಸಿಕೊಂಡ ದಿನ ಆ್ಯಪ್ ತೋರಿಸಿದ ಕಿಲೊವ್ಯಾಟನ್ನು ದಿನಾಂಕ ಸಮೇತ ಬರೆದಿಡಿ. ಅಲ್ಲಿಂದ ಮುಂದೆ ಅದೇ ಆ ಪ್ಯಾನೆಲ್ಲಿನ ಅಳತೆಗೋಲು. ಒಳಗಿನ ಅರ್ಧ ಚುಕ್ಕಿಗಳು ಸತ್ತ ದೀಪ ಪೂರ್ತಿ ವ್ಯಾಟ್ ಎಳೆಯುವುದಿಲ್ಲವಾದ್ದರಿಂದ, ಅಂಥ ಎರಡು ಸೇರಿ ಒಂದು ಸತ್ತ ದೀಪದಂತೆ ಲೆಕ್ಕದಲ್ಲಿ ಕಾಣಿಸಿಕೊಳ್ಳಬಹುದು ಎಂಬುದೂ ನೆನಪಿರಲಿ. ಇನ್ನು ಲೆಕ್ಕಕ್ಕಿಂತ ಹೆಚ್ಚು ಕಿಲೊವ್ಯಾಟ್ ಕಂಡರೆ ಸಂತೋಷಪಡುವ ಕಾರಣವಿಲ್ಲ. ಬೀದಿದೀಪದ ತಂತಿಗೆ ಯಾರೋ ಕೊಕ್ಕೆ ಹಾಕಿದ್ದಾರೆ; ಗೂಡಂಗಡಿಯ ಬಲ್ಬಿರಬಹುದು, ಫ್ಲೆಕ್ಸ್ ಬೋರ್ಡಿನ ದೀಪವಿರಬಹುದು, ಭಾದ್ರಪದದಲ್ಲಾದರೆ ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿರಬಹುದು.

ಕಂಬದಿಂದ ಕಂಬಕ್ಕೆ

ಎಷ್ಟು ದೀಪ ಆರಿವೆ ಎಂಬುದು ಪ್ಯಾನೆಲ್ಲಿನ ಬಳಿ ಗೊತ್ತಾಯಿತು. ಯಾವುವು ಎಂಬುದು ನಡೆದೇ ಗೊತ್ತಾಗಬೇಕು. ನಡೆಯುವಾಗ ಕಣ್ಣಿಡಬೇಕಾದದ್ದು ಒಂದೊಂದು ದೀಪದ ಮೇಲಲ್ಲ, ಆರಿದ ದೀಪಗಳ ಸಾಲಿನ ಮೇಲೆ. ನಡುವೆ ಒಂದೇ ಒಂದು ಆರಿದ್ದರೆ ದೋಷ ಆ ಕಂಬದಲ್ಲೇ ಇದೆ: ಡ್ರೈವರ್, ಕಂಬದ ಬುಡದ ಜಂಕ್ಷನ್ ಬಾಕ್ಸಿನಲ್ಲಿರುವ ಫ್ಯೂಸ್, ಇಲ್ಲವೇ ತಂತಿಯಿಂದ ಫಿಟ್ಟಿಂಗಿಗೆ ಹೋಗುವ ಸಂಪರ್ಕ. ಒಂದು ಕಂಬದಿಂದಾಚೆ ಎಲ್ಲವೂ ಆರಿದ್ದರೆ ಉರಿಯುವ ಕೊನೆಯ ಕಂಬಕ್ಕೂ ಆರಿದ ಮೊದಲ ಕಂಬಕ್ಕೂ ನಡುವೆ ತಂತಿ ಅಥವಾ ಜಂಪರ್ (ಎರಡು ತಂತಿಗಳನ್ನು ಜೋಡಿಸುವ ತುಂಡು ತಂತಿ) ಕಿತ್ತಿದೆ. ಹದಿನೈದು ಫಿಟ್ಟಿಂಗು ಬಿಚ್ಚುವ ಅಗತ್ಯವಿಲ್ಲ. ನೆಲದಡಿಯ ಕೇಬಲ್ ಇರುವ ಮುಖ್ಯರಸ್ತೆಗಳಲ್ಲಿ ದೀಪಗಳನ್ನು ಸರದಿಯಂತೆ ಮೂರು ಫೇಸುಗಳಿಗೆ ಹಂಚಿರುವುದು ವಾಡಿಕೆ. ಅಲ್ಲಿ ಪ್ರತಿ ಮೂರನೆಯ ದೀಪ ಆರಿದ್ದರೆ ಒಂದು ಫೇಸ್ ಹೋಗಿದೆಯೆಂದು ತಿಳಿಯಬೇಕು. ಆಗ ಮತ್ತೆ ಆ್ಯಪ್ ತೆರೆದು ಆ ಫೇಸನ್ನು ನೋಡಿ. ವೋಲ್ಟೇಜು ಇದ್ದು ಕಿಲೊವ್ಯಾಟ್ ಸೊನ್ನೆಯಾಗಿದ್ದರೆ ನಮ್ಮ ಎಂಸಿಬಿಯೋ ಕಾಂಟ್ಯಾಕ್ಟರೋ ಕೈಕೊಟ್ಟಿದೆ. ವೋಲ್ಟೇಜೇ ಸೊನ್ನೆಯಾಗಿದ್ದರೆ ಪ್ಯಾನೆಲ್ಲಿಗೆ ಬರುವ ಸರಬರಾಜಿನಲ್ಲೇ ದೋಷವಿದೆ, ಅದು ಎಸ್ಕಾಂನ ಕೆಲಸ. ಜನ ಬೀದಿದೀಪದ ದೂರನ್ನೂ ಎಸ್ಕಾಂನ 1912ಕ್ಕೇ ಹೇಳುತ್ತಾರೆ. ದೀಪ ಸ್ಥಳೀಯ ಸಂಸ್ಥೆಯದು, ಅದಕ್ಕೆ ಬರುವ ವಿದ್ಯುತ್ತು ಎಸ್ಕಾಂನದು ಎಂಬ ಈ ಗಡಿರೇಖೆ ಆ್ಯಪ್‌ನ ಎರಡು ಅಂಕಿಗಳಲ್ಲಿ ಎದ್ದು ಕಾಣುವುದು ಕೆಲಸಗಾರರಿಗೆ ದೊಡ್ಡ ಉಪಕಾರ.

ಆರಿದ ಕಂಬದ ಎದುರು ನಿಂತು ಆ್ಯಪ್‌ನಲ್ಲಿ ದೋಷ ದಾಖಲಿಸುವಾಗ ಫೋನಿನ ಜಿಪಿಎಸ್ ಒಂದನ್ನೇ ನಂಬಬಾರದು. ಬಯಲಿನಲ್ಲೂ ಅದು ಐದಾರು ಮೀಟರು ಆಚೀಚೆ ತೋರಿಸುತ್ತದೆ, ಎತ್ತರದ ಕಟ್ಟಡಗಳ ನಡುವೆ ಇನ್ನೂ ಹೆಚ್ಚು. ಕಂಬಗಳು 25–30 ಮೀಟರು ಅಂತರದಲ್ಲಿರುವ ಸಾಲಿನಲ್ಲಿ ಇದರಿಂದ ತೊಂದರೆಯಿಲ್ಲವಾದರೂ, ಎರಡೂ ಬದಿ ಕಂಬಗಳಿರುವ ಕಿರಿದಾದ ರಸ್ತೆಯಲ್ಲಿ ಎಡಗಡೆಯ ದೋಷ ಬಲಗಡೆಯ ಕಂಬದ ಹೆಸರಿಗೆ ಬೀಳುತ್ತದೆ. ಕಂಬದ ಮೇಲೆ ಪೇಂಟಿನಲ್ಲಿ ಬರೆದ ಸಂಖ್ಯೆ ಕಾಣುವಂತೆ ಚಿತ್ರ ತೆಗೆದು ಸೇರಿಸಿ. ಸಂಖ್ಯೆ ಅಳಿಸಿದ್ದರೆ ಎದುರಿನ ಅಂಗಡಿಯ ಅಥವಾ ಮನೆಯ ಗುರುತು ಬರೆಯಿರಿ.

ಮಿಣುಕುವ ದೀಪಗಳನ್ನು ಗುರುತಿಸಲು ಫೋನಿನ ನಿಧಾನ ಚಲನೆಯ ವಿಡಿಯೊ ಅನುಕೂಲ. ಕಣ್ಣಿಗೆ ಸ್ಥಿರವಾಗಿ ಕಾಣುವ ದೀಪವೂ ಡ್ರೈವರ್ ಸೊರಗಿದಾಗ ವಿಡಿಯೊದಲ್ಲಿ ಬಡಿದುಕೊಳ್ಳುತ್ತದೆ. ಅಕ್ಕಪಕ್ಕದ ದೀಪಗಳನ್ನೂ ಅದೇ ಚೌಕಟ್ಟಿನಲ್ಲಿ ಹಿಡಿದರೆ ಹೋಲಿಸಲು ಸುಲಭ; ಎಲ್ಲವೂ ಒಂದೇ ಬಗೆಯಲ್ಲಿ ಬಡಿದುಕೊಂಡರೆ ಅದು ಆ ಮಾದರಿಯ ಗುಣ, ಒಂದೇ ಬಡಿದುಕೊಂಡರೆ ಅದು ಆ ದೀಪದ ದೋಷ.

ಬೆಳಕಿನ ಪ್ರಮಾಣ ಅಳೆಯುವುದು ಬೇರೆಯದೇ ಕೆಲಸ, ಅದು ರಾತ್ರಿಯ ಕೆಲಸ. ರಸ್ತೆ ದೀಪಗಳ ಭಾರತೀಯ ಮಾನಕ ಐಎಸ್ 1944ರ ಪ್ರಕಾರ ಅತಿ ಮುಖ್ಯ ರಸ್ತೆಗಳಿಗೆ ಸರಾಸರಿ 30 ಲಕ್ಸ್ (ರಸ್ತೆಯ ಮೇಲೆ ಬೀಳುವ ಬೆಳಕಿನ ಅಳತೆ), ಇತರ ಮುಖ್ಯ ರಸ್ತೆಗಳಿಗೆ 15, ವಾಹನ ಹೆಚ್ಚಿರುವ ಉಪರಸ್ತೆಗಳಿಗೆ 8, ಕಡಿಮೆ ಇರುವವಕ್ಕೆ 4 ಲಕ್ಸ್ ಬೇಕು. ಫೋನಿನಲ್ಲೂ ಲಕ್ಸ್ ತೋರಿಸುವ ಆ್ಯಪ್‌ಗಳಿವೆ, ಆದರೆ ಪರದೆಯ ಬೆಳಕನ್ನು ಹೊಂದಿಸಲೆಂದು ಇಟ್ಟ ಆ ಪುಟ್ಟ ಸೆನ್ಸರ್ ಓರೆಯಾಗಿ ಬೀಳುವ ಬೆಳಕನ್ನು ಸರಿಯಾಗಿ ಗ್ರಹಿಸುವುದಿಲ್ಲ. ಒಂದೇ ಫೋನಿನಿಂದ, ಒಂದೇ ಜಾಗದಲ್ಲಿ, ಗಾಜಿನ ಧೂಳು ಒರೆಸುವ ಮುಂಚೆ ಮತ್ತು ಒರೆಸಿದ ನಂತರ ಎಷ್ಟು ವ್ಯತ್ಯಾಸವಾಯಿತೆಂದು ನೋಡಲು ಅದು ಸಾಕು; ಗುತ್ತಿಗೆದಾರರ ಬಿಲ್ಲಿಗೆ ಸಹಿ ಹಾಕಲು ಸಾಲದು.

ವೋಲ್ಟೇಜಿನ ಮೇಲೆ ಒಂದು ಕಣ್ಣು

ದೀಪಗಳೆಲ್ಲ ಉರಿಯುತ್ತಿರುವಾಗ ಮೂರು ಫೇಸುಗಳ ವೋಲ್ಟೇಜನ್ನು ಒಟ್ಟಿಗೆ ನೋಡಬೇಕು. 230 ವೋಲ್ಟಿನ ಆಚೀಚೆ ಶೇಕಡಾ 10, ಅಂದರೆ 207ರಿಂದ 253ರ ನಡುವೆ ಇದ್ದರೆ ಚಿಂತೆಯಿಲ್ಲ. ಒಂದು ಫೇಸ್ 195, ಇನ್ನೊಂದು 265, ಮೂರನೆಯದು 240 ಎಂಬಂತೆ ಚದುರಿದ್ದರೆ, ಅದರಲ್ಲೂ ದೀಪ ಹಾಕಿದ ಮೇಲೆಯೇ ಚದುರಿದ್ದರೆ, ನ್ಯೂಟ್ರಲ್ (ಮೂರೂ ಫೇಸಿನ ಕರೆಂಟು ಹಿಂತಿರುಗುವ ತಂತಿ) ಎಲ್ಲೋ ಸಡಿಲವಾಗಿದೆ. ಆಗ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ ದೀಪಗಳನ್ನು ಆರಿಸಬೇಕು, ಏಕೆಂದರೆ ಸಡಿಲ ನ್ಯೂಟ್ರಲ್ ಒಂದೇ ರಾತ್ರಿಯಲ್ಲಿ ಸಾಲು ಸಾಲಾಗಿ ಡ್ರೈವರ್‌ಗಳನ್ನು ಸುಟ್ಟುಬಿಡಬಲ್ಲದು. ಸುಟ್ಟ ಡ್ರೈವರ್‌ಗಳನ್ನು ಬದಲಿಸಿ, ನ್ಯೂಟ್ರಲ್ಲನ್ನು ಹಾಗೆಯೇ ಬಿಟ್ಟು, ವಾರದ ನಂತರ ಅದೇ ಕಂಬ ಹತ್ತುವವರನ್ನು ನೋಡಿದ್ದೇನೆ.

ಆ್ಯಪ್ ತೋರಿಸುವುದು ಪ್ಯಾನೆಲ್ಲಿನ ಬಾಯಲ್ಲಿನ ವೋಲ್ಟೇಜು ಮಾತ್ರ. ಉದ್ದದ ಸಾಲಿನ ಕೊನೆಯ ನಾಲ್ಕೈದು ದೀಪಗಳು ಮಂಕಾಗಿ ಅಥವಾ ಹತ್ತಿ ಆರಿ ಮಾಡುತ್ತಿದ್ದರೆ ಆ ತುದಿಯಲ್ಲೇ ಮೀಟರ್ ಹಿಡಿದು ಅಳೆಯಬೇಕು. ಮಳೆ ಬಂದಾಗ ಮಾತ್ರ ಬೀಳುವ ಎಂಸಿಬಿಯ ರಹಸ್ಯ ಬಿಡಿಸಲು ಮಾತ್ರ ಆ್ಯಪ್‌ನ ಘಟನೆಗಳ ದಾಖಲೆಯೇ ಬೇಕು. ಟ್ರಿಪ್ ಆದ ದಿನ, ಸಮಯಗಳನ್ನು ಮಳೆಯಾದ ರಾತ್ರಿಗಳೊಂದಿಗೆ ಹೊಂದಿಸಿ ನೋಡಿ, ಮಳೆ ನಿಂತ ಮರುದಿನ ಬೆಳಿಗ್ಗೆ, ನೀರು ಆರುವ ಮುಂಚೆಯೇ ಪರೀಕ್ಷೆ ಮಾಡಿದರೆ ನೀರು ನುಗ್ಗಿದ ಜಂಕ್ಷನ್ ಬಾಕ್ಸ್ ಸಿಕ್ಕಿಬೀಳುತ್ತದೆ. ಬಿಸಿಲು ಬಂದ ಮಧ್ಯಾಹ್ನ ಹೋದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಇಂಥ ಹೊತ್ತಿನಲ್ಲಿ ಕಬ್ಬಿಣದ ಕಂಬವನ್ನು ಟೆಸ್ಟರ್‌ನಿಂದ ನೋಡದೆ ಕೈಯಿಂದ ಮುಟ್ಟಬೇಡಿ.

ಕಂಬ ಹತ್ತುವ ಮುನ್ನ

ದೋಷ ಗೊತ್ತಾಗಿ ರಿಪೇರಿಗೆ ಇಳಿಯುವ ಹೊತ್ತಿಗೆ ಆ್ಯಪ್‌ನ ಪಾತ್ರ ಮುಗಿಯುತ್ತದೆ, ಫೋನು ಜೇಬಿಗೆ ಹೋಗಬೇಕು. ಆ್ಯಪ್‌ನಿಂದ ಆಫ್ ಮಾಡಿದ ಪ್ಯಾನೆಲ್ಲನ್ನು ಟೈಮರ್ ಹಾಕಬಹುದು, ಸರ್ವರ್ ಹಾಕಬಹುದು, ಕಚೇರಿಯಲ್ಲಿರುವವರು ಹಾಕಬಹುದು. ಆದ್ದರಿಂದ ಎಂಸಿಬಿಯನ್ನು ಕೈಯಿಂದಲೇ ಇಳಿಸಿ, ಆಯ್ಕೆಯ ಸ್ವಿಚ್ಚನ್ನು ‘ಆಫ್’ಗೆ ತಿರುಗಿಸಿ, ಪೆಟ್ಟಿಗೆಗೆ ಬೀಗ ಹಾಕಿ, ‘ಕೆಲಸ ನಡೆಯುತ್ತಿದೆ’ ಎಂಬ ಫಲಕ ತೂಗುಹಾಕಿ, ಬೀಗದ ಕೈಯನ್ನು ಕಂಬ ಹತ್ತುವವರ ಜೇಬಿನಲ್ಲೇ ಇಡಬೇಕು. ಮೇಲೆ ಹೋದವರು ಮುಟ್ಟುವ ಮೊದಲು ಟೆಸ್ಟ್ ಲ್ಯಾಂಪ್‌ನಿಂದ ಇನ್ನೊಮ್ಮೆ ಪರೀಕ್ಷಿಸಬೇಕು. ಕೊಕ್ಕೆ ಹಾಕಿದ ಕಡೆಯಿಂದಲೋ, ಇನ್ನೊಂದು ಸಾಲಿನ ತಪ್ಪು ಜೋಡಣೆಯಿಂದಲೋ, ಮನೆಯೊಂದರ ಜನರೇಟರಿನಿಂದಲೋ ಆ ತಂತಿಗೆ ಹಿಮ್ಮುಖವಾಗಿ ವಿದ್ಯುತ್ತು ಬಂದಿರಬಹುದು.

ಓವರ್‌ಹೆಡ್ ತಂತಿಯ ಕಂಬಗಳಲ್ಲಿ ಅಪಾಯ ಇನ್ನೂ ಹೆಚ್ಚು. ಅಲ್ಲಿ ಬೀದಿದೀಪದ ತಂತಿ ಒಂದು ಮಾತ್ರ ನಮ್ಮ ಪ್ಯಾನೆಲ್ಲಿನದು. ಅದೇ ಕಂಬದ ಮೇಲಿನ ಉಳಿದ ತಂತಿಗಳು ಊರಿಗೆ ಕರೆಂಟು ಕೊಡುವವು, ನಮ್ಮ ಯಾವ ಗುಂಡಿಗೂ ಬಗ್ಗದವು. ಎಸ್ಕಾಂನ ಶಾಖಾ ಕಚೇರಿಯಿಂದ ಲೈನ್ ಕ್ಲಿಯರ್ (ಆ ತಂತಿಗಳ ವಿದ್ಯುತ್ತು ಕಡಿದು ಕೆಲಸಕ್ಕೆ ಕೊಡುವ ಅನುಮತಿ) ತೆಗೆದುಕೊಂಡು, ತಂತಿಗಳನ್ನು ಅರ್ಥ್ ಮಾಡಿಸಿದ ನಂತರವೇ ಅಂಥ ಕಂಬಕ್ಕೆ ಏಣಿ ಒರಗಿಸಬೇಕು. ಅಲ್ಯೂಮಿನಿಯಂ ಏಣಿಯನ್ನು ಈ ಕೆಲಸಕ್ಕೆ ತರಲೇಬಾರದು. ಐದು ನಿಮಿಷದ ಕೆಲಸಕ್ಕೆ ಒಂದು ಗಂಟೆ ಕಾಯಬೇಕಾಗುತ್ತದೆ ಎಂಬ ಅಸಮಾಧಾನ ಎಲ್ಲರಿಗೂ ಇದ್ದೇ ಇರುತ್ತದೆ. ಕಾಯಿರಿ, ಬೇಕಿದ್ದರೆ ಆ ಸಾಲಿನ ಎಲ್ಲ ದೋಷಗಳನ್ನೂ ಒಂದೇ ಲೈನ್ ಕ್ಲಿಯರ್‌ನಲ್ಲಿ ಮುಗಿಸುವಂತೆ ಪಟ್ಟಿ ಮಾಡಿಕೊಳ್ಳಿ.

ಪುನಃ ಆಟೋಗೆ

ರಿಪೇರಿ ಮುಗಿದು, ಎಲ್ಲರೂ ಕೆಳಗಿಳಿದು, ಲೈನ್ ಕ್ಲಿಯರ್ ಹಿಂತಿರುಗಿಸಿದ ಮೇಲೆ ಎಂಸಿಬಿ ಏರಿಸಿ, ಆಯ್ಕೆಯ ಸ್ವಿಚ್ಚನ್ನು ಮತ್ತೆ ‘ಆಟೋ’ಗೆ ತಂದು, ಆ್ಯಪ್‌ನಿಂದ ಇನ್ನೊಮ್ಮೆ ದೀಪ ಹಾಕಿ ಕಿಲೊವ್ಯಾಟ್ ಓದಿಕೊಳ್ಳಿ. ಮೊದಲು 1.53 ಇದ್ದದ್ದು ಈಗ 1.8ರ ಹತ್ತಿರ ಬಂದಿರಬೇಕು. ಬಾರದಿದ್ದರೆ ನೀವು ಸರಿಪಡಿಸಿದ ಮೂರರ ಜೊತೆ ನಾಲ್ಕನೆಯದೊಂದು ಎಲ್ಲೋ ಉಳಿದಿದೆ, ಇಲ್ಲವೇ ಕೆಲಸ ಮಾಡುವಾಗ ಪಕ್ಕದ ದೀಪದ ತಂತಿ ಜಾರಿದೆ. ಎರಡೂ ಅಂಕಿಗಳನ್ನು ದಾಖಲೆಯಲ್ಲಿ ಒಂದರ ಕೆಳಗೊಂದು ಬರೆಯಿರಿ.

ಆಮೇಲೆ ಆ್ಯಪ್‌ನಲ್ಲಿ ಪರೀಕ್ಷೆಯ ಸ್ಥಿತಿಯಿಂದ ಹೊರಬಂದು ‘ಆಟೋ’ ಒತ್ತಿ. ಅತಿ ಹೆಚ್ಚು ಮರೆಯುವುದು ಇದನ್ನೇ. 90 ವ್ಯಾಟಿನ 60 ದೀಪಗಳ ಪ್ಯಾನೆಲ್ಲನ್ನು ಆನ್ ಸ್ಥಿತಿಯಲ್ಲೇ ಬಿಟ್ಟು ಬಂದರೆ ಮರುದಿನ ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ 54 ಯೂನಿಟ್ ಬಿಸಿಲಿನಲ್ಲಿ ಉರಿದುಹೋಗುತ್ತದೆ. ಆಫ್ ಸ್ಥಿತಿಯಲ್ಲಿ ಬಿಟ್ಟು ಬಂದರೆ ಒಂದು ದೀಪ ಸರಿಪಡಿಸಲು ಹೋಗಿ ಇಡೀ ಬೀದಿಯನ್ನು ಕತ್ತಲಲ್ಲಿಟ್ಟಂತಾಗುತ್ತದೆ. ಪರದೆಯಲ್ಲಿ ‘ಆಟೋ’ ಎಂಬ ಪದದ ಜೊತೆಗೆ ಮುಂದೆ ದೀಪ ಹತ್ತುವ ಸಮಯವೂ ಕಾಣಿಸುವ ತನಕ ಪ್ಯಾನೆಲ್ಲಿನ ಬಳಿಯಿಂದ ಕದಲಬಾರದು.

ಆ ಸಮಯ ಊರಿನ ಸೂರ್ಯಾಸ್ತಕ್ಕೆ ಹೊಂದುತ್ತದೆಯೇ ಎಂದೂ ನೋಡಿ. ಟೈಮರಿನಲ್ಲಿ ಅಕ್ಷಾಂಶ, ರೇಖಾಂಶಗಳನ್ನು ತುಂಬಿರುತ್ತಾರೆ; ಎಲ್ಲ ಪ್ಯಾನೆಲ್ಲುಗಳಿಗೂ ಬೆಂಗಳೂರಿನ ಅಂಕಿಗಳನ್ನೇ ತುಂಬಿ ಕಳುಹಿಸಿರುವುದೂ ಉಂಟು. ಒಂದು ರೇಖಾಂಶಕ್ಕೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಮಂಗಳೂರಿನ ಸೂರ್ಯ ಬೆಂಗಳೂರಿನವನಿಗಿಂತ ಸುಮಾರು 11 ನಿಮಿಷ ಹಿಂದೆ, ಕಾರವಾರದವನು ಕೋಲಾರದವನಿಗಿಂತ ಸುಮಾರು 16 ನಿಮಿಷ ಹಿಂದೆ ಇರುತ್ತಾನೆ. ಕರಾವಳಿಯ ಊರಿನಲ್ಲಿ ಬೆಂಗಳೂರಿನ ಅಂಕಿಗಳಿದ್ದರೆ ದೀಪಗಳು ಸಂಜೆ ಬೇಗ ಹತ್ತುವುದು ಮಾತ್ರವಲ್ಲ, ಬೆಳಿಗ್ಗೆ ಇನ್ನೂ ಕತ್ತಲಿರುವಾಗಲೇ ಆರಿಬಿಡುತ್ತವೆ. ಹಾಲು ಹಾಕುವವರು, ಮೊದಲ ಬಸ್ಸಿಗೆ ಹೋಗುವವರು ಓಡಾಡುವ ಹೊತ್ತು ಅದು. ಬ್ಯಾಟರಿ ಸತ್ತ ಪ್ಯಾನೆಲ್ಲಿನ ಗಡಿಯಾರವೂ ಕರೆಂಟು ಹೋಗಿ ಬಂದ ಮೇಲೆ ಹೀಗೆಯೇ ದಾರಿ ತಪ್ಪುತ್ತದೆ. ಅದೇ ದಿನ ಸೂರ್ಯಾಸ್ತದ ನಂತರ ಮನೆಯಿಂದಲೇ ಆ್ಯಪ್ ತೆರೆದು, ದೀಪ ತಾನಾಗಿ ಹತ್ತಿದ ಸಮಯ ಮತ್ತು ಮೂರೂ ಫೇಸಿನ ಕಿಲೊವ್ಯಾಟ್ ನೋಡಿ ಬರೆದುಕೊಳ್ಳಿ. ಮರುದಿನ ಬೆಳಿಗ್ಗೆ ಆರಿದ ಸಮಯವನ್ನೂ ಅದರ ಪಕ್ಕದಲ್ಲಿ ಬರೆದ ಮೇಲೆ ಆ ಪ್ಯಾನೆಲ್ಲಿನ ಪರೀಕ್ಷೆ ಮುಗಿಯಿತೆಂದು ಸಹಿ ಹಾಕಬಹುದು.